ನೂರ ಎಂಬತ್ತು ಲೀಟರು

ಮೇಲಿನ ಮಹಡಿಯ ಮೆರ್ಸಿಯೆ ಮುದುಕ
ಊರು ಬಿಡುವಾಗ ಕೊಟ್ಟುಹೋದ ಗಾಜಿನ ತೊಟ್ಟಿ:
ಉದ್ದ ಒಂದು ಮೀಟರು, ಅಂಚಿಗೆ ಹಳೆಯ ನೀರಿನ ಬಿಳಿ ಗೆರೆ,
ಹಿಡಿಯುವುದು ನೂರ ಎಂಬತ್ತು ಲೀಟರು.
ನೆಲ ತಡೆದೀತೇ ಎಂದು ಮನೆಯೊಡತಿ ಎರಡು ಸಲ ಕೇಳಿದಳು.
ಮೀನು ಯಾವುದು ಎಂದು ಕೇಳಲಿಲ್ಲ.
ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.

ಮಗಳು ಕನೇಜಾಳಿಗೆ ಆಸ್ಕರ್ ಬೇಕು.
ಅಂಗಡಿಯಲ್ಲಿ ಅದು ಬೆರಳುದ್ದ,
ಗಾಜಿಗೆ ಮೂತಿಯಿಟ್ಟು ಅವಳನ್ನೇ ನೋಡುತ್ತದೆ,
ಅವಳ ಕೈ ಎತ್ತ ಹೋದರೆ ಅದರ ಕಣ್ಣು ಅತ್ತ.
'ಬರುವ ವರ್ಷ ಇದು ನಿನ್ನ ಮೊಣಕೈಯಷ್ಟು' ಎಂದಳು ಓದಿಲ್,
ಬಲೆ ಒದರುತ್ತ,
'ತಿರುಗಲು ಜಾಗ ಸಾಲದೆ ನಿಂತಲ್ಲೇ ನಿಂತು
ಆಗಲೂ ನಿನ್ನನ್ನು ಹೀಗೇ ನೋಡುತ್ತದೆ.
ಆಗ ನೀನು ಬೇರೆಲ್ಲೋ ನೋಡುತ್ತೀಯ.'

ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಇಲ್ಲಿ ಹಾಸಿಗೆ ನಮ್ಮದು,
ಕಾಲು ಮಾತ್ರ ಅದರದು.

ಮಲಾವಿಯ ಹಳದಿ, ನೀಲಿ?
ಬಂಡೆಗೊಂದು ಜಗಳ.
ಇಬ್ಬರಿದ್ದರೆ ಒಬ್ಬ ಸಾಯುತ್ತಾನಂತೆ,
ಇಪ್ಪತ್ತಿದ್ದರೆ ಪೆಟ್ಟು ಹಂಚಿಹೋಗಿ
ಎಲ್ಲರೂ ಹೇಗೋ ಬದುಕುತ್ತಾರಂತೆ.
ಈ ಲೆಕ್ಕ ನನಗೆ ಹೊಸದಲ್ಲ,
ನಮ್ಮ ಹೋಟೆಲಿನ ಅಡುಗೆಮನೆ ನಡೆಯುವುದೇ ಹೀಗೆ.
ಮನೆಯಲ್ಲೂ ಅದೇ ಬೇಡ.
ಡಿಸ್ಕಸ್ ಚೆಲುವೆ, ಥೇಟು ತಟ್ಟೆ.
ದಿನವಿಡೀ ತಟ್ಟೆ ತೊಳೆದವನಿಗೆ
ರಾತ್ರಿಯೂ ತಟ್ಟೆಯೇ?

'ನಿಮ್ಮ ಮನೆಯ ಕೆಟಲಿನ ತಳ ಹೇಗಿದೆ?'
ಎಂದು ಓದಿಲ್ ಇದ್ದಕ್ಕಿದ್ದಂತೆ ಕೇಳಿದಳು.
ಸುಣ್ಣ ಬಳಿದ ಗೋಡೆಯ ಹಾಗೆ, ಎಂದೆ.
'ಹಾಗಾದರೆ ಅರ್ಧ ಆಯ್ಕೆಯನ್ನು
ದಿಜೋನಿನ ನಲ್ಲಿಯೇ ಮಾಡಿ ಮುಗಿಸಿದೆ, ಬನ್ನಿ.'

ಎಲ್ಲಕ್ಕಿಂತ ಕೆಳಗಿನ ಸಾಲು. ಮಂಡಿಯೂರಿದೆ.
ಮರಳು. ನಾಲ್ಕು ಖಾಲಿ ಚಿಪ್ಪು.
ಒಂದರ ಬಾಯಲ್ಲಿ ಹೆಬ್ಬೆರಳಿನಷ್ಟೂ ಇಲ್ಲದ
ಬೂದು ಬಣ್ಣದ ಒಂದು ಅನುಮಾನ.
ಚೀಟಿಯಲ್ಲಿ: ತಾಂಗನ್ಯೀಕಾ ಸರೋವರ,
ಜೋಡಿಗೆ ಇಪ್ಪತ್ತೆಂಟು ಯೂರೋ.

ರುಮೊಂಗೆಯ ದಡದಲ್ಲಿ ನಮಗೆ ಮೀನೆಂದರೆ ಇಂಡಗಾರಾ,
ರಾತ್ರಿ ದೀಪ ಹಚ್ಚಿ ಹೊರಟ ದೋಣಿ,
ಬೆಳಿಗ್ಗೆ ಬಿಸಿಲಿಗೆ ಹರವಿದ ಬೆಳ್ಳಿ.
ಮಂಡಿಯುದ್ದ ನೀರಲ್ಲಿ ಅಂಗಾಲಿಗೆ ಚಿಪ್ಪು ಚುಚ್ಚುತ್ತಿತ್ತು.
ಬೈದು, ಕಾಲು ಬದಲಿಸಿ, ಮುಂದೆ ಹೋಗುತ್ತಿದ್ದೆ.
ಅದರೊಳಗೆ ಸಂಸಾರವಿದೆಯೆಂದು
ಯಾರು ಬಗ್ಗಿ ನೋಡಿದ್ದರು?
ಈಗ ಬಗ್ಗಲು ಮೂರು ತಾಸಿನ ಕೂಲಿ.

'ಚಿಪ್ಪು ಬೇರೆ ಕೊಳ್ಳಬೇಕು,' ಎಂದಳು.
ಬೇಡ, ಎಂದೆ. ಅದೊಂದು ನನ್ನ ಬಳಿ ಇದೆ.
ಪ್ಲೇಟಿಗೆ ಹನ್ನೆರಡರಂತೆ ಬಸವನಹುಳು,
ಬೆಣ್ಣೆ, ಬೆಳ್ಳುಳ್ಳಿ, ಹಸಿರು ಸೊಪ್ಪು;
ತಿಂದವರು ಎದ್ದ ಮೇಲೆ ಉಳಿಯುವ ಮನೆಗಳು
ನನ್ನ ಸಿಂಕಿಗೇ ತಾನೆ ಬರುವುದು.
ಎಂಟನ್ನು ಏಪ್ರನ್ನಿನ ಜೇಬಿಗಿಳಿಸಿದೆ.
ಬೆಣ್ಣೆಯ ಜಿಡ್ಡು ಬಿಡುವ ತನಕ
ಮೂರು ಸಲ ಕುದಿಸಿದೆ, ಮನೆಯೆಲ್ಲ ನಾತ.

ಎಂಟರಲ್ಲಿ ಅವು ಆರಿಸಿದ್ದು ಒಂದೇ ಒಂದು.
ಹೆಣ್ಣು ಒಳಗೆ, ಗಂಡು ಅವಳ ಹಿಂದೆ ತುರುಕಿಕೊಂಡು;
ಜಗಳವಾದರೆ ಇಬ್ಬರೂ ಹೊರಗೆ, ಇಷ್ಟಿಷ್ಟು ದೂರ,
ದೀಪ ಆರಿಸುವ ಹೊತ್ತಿಗೆ ಮತ್ತೆ ಒಳಗೆ.
ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ,
ಉಣ್ಣುವುದು ಇಲ್ಲಿ ಎರಡು ಚಿಟಿಕೆ.
ಉಳಿದ ಏಳು ಚಿಪ್ಪನ್ನು ಮರಳಲ್ಲಿ ಹೂತುಬಿಟ್ಟಿವೆ.
ಅಷ್ಟೊಂದು ನೀರು ಸುಮ್ಮನೆ ಮೇಲೆ ನಿಂತಿದೆ.

ಮೊದಲ ವಾರ ಮುಖ ತಿರುಗಿಸಿದ್ದ ಕನೇಜಾ
ಈಗ ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ
ಕಾಲಾಡಿಸುತ್ತ ಕೇಳುತ್ತಾಳೆ:
'ಅಪ್ಪಾ, ಅಲ್ಲಿ ಇವನ್ನು ದಿನಾ ನೋಡುತ್ತಿದ್ದೆಯಾ?'
ಹೂಂ ಅನ್ನಬಹುದಿತ್ತು, ಅಗ್ಗದ ಸುಳ್ಳು.
ಇಲ್ಲ, ಎಂದೆ. ಮೊದಲು ನೋಡಿದ್ದು
ಓದಿಲ್‌ಳ ಅಂಗಡಿಯಲ್ಲಿ, ನಿನ್ನ ಜೊತೆಗೇ.

ಮರಳು ಸರಿಪಡಿಸಲು ಕೈ ಇಳಿಸಿದರೆ
ಗಂಡು ನೆಟ್ಟಗೆ ಬಂದು ಕಚ್ಚುತ್ತದೆ.
ಬೆಳ್ಳುಳ್ಳಿ ವಾಸನೆ ಹಿಡಿಸದೇನೋ.